ಮಂದಣ್ಣನಿಲ್ಲದ ವಿಜ್ಞಾನ ಕತೆಗಳು

ಈ ಸಲದ ಮಳೆಗಾಲದಲ್ಲಿ ತುಸು ಬಿಡುವು ದೊರೆತುದರಿಂದ, ಬಹುದಿನಗಳಿಂದ ಓದಬೇಕೆಂದು ಎತ್ತಿಟ್ಟಿದ್ದ ಕೆಲವು ವಿಜ್ಞಾನ ಕಾದಂಬರಿಗಳನ್ನು ಒಂದರ ಹಿಂದೊಂದರಂತೆ ಓದಿ ಮುಗಿಸಿದೆ. ಅವುಗಳಲ್ಲಿ ಕೆಲವು ಮೊದಲ ಸಲ ಓದಿದವು. ಕೆಲವು ಎಳೆಯ ವಯಸ್ಸಿನಲ್ಲಿ ಓದಿ, ಮರೆತು, ಈಗ ಮತ್ತೆ ಕೈಗೆತ್ತಿಕೊಂಡವು. ನಮ್ಮ ಮಾಸೂರಿನಲ್ಲಿ ಸಂಜೆ ನನ್ನ ಕಟ್ಟೆಯ ಮೇಲೆ ಬಂದು ಕೂಡುವ ನಾಲ್ಕೈದು ಮಂದಿ ವಿದ್ಯಾರ್ಥಿಗಳಿದ್ದಾರೆ. ಓದಿದ ಕತೆಯನ್ನು ಅವರಿಗೆ ಹೇಳುವುದು ನನ್ನ ರೂಢಿ. ಚಂದ್ರಲೋಕ, ಯಂತ್ರಮಾನವ, ಸಮುದ್ರದಡಿಯ ನೌಕೆ ಎಲ್ಲವನ್ನೂ ಅವರು ಬಾಯಿ ಬಿಟ್ಟುಕೊಂಡು ಕೇಳಿದರು. ಕೊನೆಗೆ ಒಬ್ಬ ಹುಡುಗ ಮೆಲ್ಲಗೆ ಕೇಳಿದ: “ಎಲ್ಲಾ ಚಲೋ ಅದಾವ್ರಿ ಸರ್. ಆದರ ಈ ಕತಿಯೊಳಗ ನಮ್ಮಂಥವರು ಒಬ್ಬರೂ ಇಲ್ಲಲ್ರಿ?”

ಆ ಕ್ಷಣಕ್ಕೆ ನಾನು ನಕ್ಕು ಸುಮ್ಮನಾದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸಾಮಾಜಿಕ ಕಾದಂಬರಿಯನ್ನು ಕುರಿತು ಯಾರೂ ಇಂಥ ಪ್ರಶ್ನೆ ಕೇಳಲಾರರು. ಅಲ್ಲಿ ನಮ್ಮಂಥವರೇ ತುಂಬಿದ್ದಾರೆ. ವಿಜ್ಞಾನದ ಕತೆಗೆ ಬಂದೊಡನೆ ನಾವು ಏಕೆ ಹೊರಗುಳಿಯುತ್ತೇವೆ? ಆ ಕತೆಗಳಲ್ಲಿ ಇರುವ ಪಾತ್ರಗಳಾದರೂ ಎಂಥವು? ಈ ವಿಷಯದಲ್ಲಿ ನನಗೆ ತೋಚಿದ ನಾಲ್ಕು ಮಾತುಗಳನ್ನು ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ. ಇದು ವಿಮರ್ಶಕನ ತೀರ್ಪಲ್ಲ. ಒಬ್ಬ ಸಾಮಾನ್ಯ ಓದುಗನ ಅನಿಸಿಕೆ.

ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವ ಪ್ರಯತ್ನ ಹೊಸದೇನಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ೧೯೧೮ರಲ್ಲಿಯೇ ಹೊರಡಿಸಿದ್ದರು. ಶಿವರಾಮ ಕಾರಂತರು ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳಂಥ ಭಾರಿ ಗ್ರಂಥಗಳನ್ನು ಒಬ್ಬರೇ ಹೊತ್ತು ನಡೆಸಿದರು. ಹೀಗೆ ವಿಜ್ಞಾನದ ಪಾಠ ನಮಗೆ ಬೇಗನೆ ಬಂದಿತು. ವಿಜ್ಞಾನದ ಕತೆ ಮಾತ್ರ ತಡವಾಗಿ ಬಂದಿತು. ರಾಜಶೇಖರ ಭೂಸನೂರಮಠರು ‘ಆಪರೇಶನ್ ಯು.ಎಫ್.ಓ.’, ‘ಮನ್ವಂತರ’ ಮೊದಲಾದ ಕೃತಿಗಳಿಂದ ಈ ದಾರಿಯಲ್ಲಿ ಮುಂಚೂಣಿಯಲ್ಲಿ ನಡೆದರು. ಅವರ ಸಾಹಸಕ್ಕೆ ಕನ್ನಡಿಗರು ಋಣಿಗಳು. ಆದರೂ ನಮ್ಮ ಗ್ರಂಥಾಲಯಗಳ ಕಪಾಟಿನಲ್ಲಿ ಈ ಜಾತಿಯ ಪುಸ್ತಕಗಳು ಇಂದಿಗೂ ಬೆರಳೆಣಿಕೆಯಷ್ಟೇ ಇವೆ ಎಂಬುದನ್ನು ಒಪ್ಪಿಕೊಳ್ಳಬೇಕು.

ವಿಜ್ಞಾನ ಕಾದಂಬರಿಗಳ ಮೇಲೆ ರಸಿಕರು ಹೊರಿಸುವ ಸಾಮಾನ್ಯ ಆರೋಪವೊಂದುಂಟು: ಇವುಗಳಲ್ಲಿ ಯಂತ್ರ ಜೀವಂತವಾಗಿರುತ್ತದೆ, ಮನುಷ್ಯ ನಿರ್ಜೀವನಾಗಿರುತ್ತಾನೆ. ಒಬ್ಬ ಪ್ರೊಫೆಸರು ಪ್ರಶ್ನೆ ಕೇಳಿಸಿಕೊಳ್ಳುವುದಕ್ಕೂ ಇನ್ನೊಬ್ಬ ಪ್ರೊಫೆಸರು ಉತ್ತರ ಹೇಳುವುದಕ್ಕೂ ಹುಟ್ಟಿರುತ್ತಾರೆ. ಅವರಿಗೆ ಹಸಿವಿಲ್ಲ, ಸಾಲವಿಲ್ಲ, ಮನೆಯಲ್ಲಿ ಜಗಳವಿಲ್ಲ. ಈ ಆರೋಪದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಉತ್ತಮ ಕೃತಿಗಳಿಗೆ ಇದು ಅನ್ವಯಿಸುವುದಿಲ್ಲ. ಎಚ್. ಜಿ. ವೆಲ್ಸ್‌ನ ‘ಅದೃಶ್ಯ ಮನುಷ್ಯ’ನನ್ನೇ (೧೮೯೭) ನೋಡಿರಿ. ಕಣ್ಣಿಗೆ ಕಾಣದಂತಾಗುವ ವಿದ್ಯೆಯನ್ನು ಗ್ರಿಫಿನ್ ಸಾಧಿಸಿದ. ಆದರೆ ಅವನ ಮೈಯಷ್ಟೇ ಅದೃಶ್ಯವಾಯಿತು, ಅವನು ತೊಟ್ಟ ಬಟ್ಟೆಯಲ್ಲ. ಆದಕಾರಣ ಇಂಗ್ಲೆಂಡಿನ ಕೊರೆಯುವ ಚಳಿಯಲ್ಲಿ ಅವನು ಬೆತ್ತಲೆ ತಿರುಗಬೇಕು. ಉಂಡ ಅನ್ನ ಅರಗುವತನಕ ಹೊಟ್ಟೆಯಲ್ಲಿ ಕಾಣುತ್ತದೆಯಾದ್ದರಿಂದ ಉಣ್ಣಲು ಅಂಜಬೇಕು. ಲೋಕವನ್ನು ಆಳಹೊರಟವನಿಗೆ ಒಂದು ಕೋಟು, ಒಂದು ತುತ್ತು ದುರ್ಲಭವಾಗುವ ಈ ಚಿತ್ರವನ್ನು ಓದುವಾಗ ನಮಗೆ ರಾಸಾಯನಿಕ ಸೂತ್ರದ ನೆನಪೂ ಬರುವುದಿಲ್ಲ. ಕಲ್ಪನೆಗೆ ಒಂದು ಕಟ್ಟಳೆ ಹಾಕಿ, ಆ ಕಟ್ಟಳೆಯೊಳಗೆ ಮನುಷ್ಯನನ್ನು ನಿಲ್ಲಿಸಿದರೆ ಪಾತ್ರ ತಾನಾಗಿಯೇ ಮೂಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಈ ಪರಂಪರೆಯ ಮೊದಲ ಮಹತ್ಕೃತಿಯೆನಿಸಿದ ‘ಫ್ರಾಂಕೆನ್‌ಸ್ಟೈನ್’ ಅನ್ನು ಈ ಸಲ ಮತ್ತೆ ಓದಿದೆ. ೧೮೧೫ರಲ್ಲಿ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಬೂದಿ ಮುಗಿಲಿಗೇರಿ, ೧೮೧೬ರಲ್ಲಿ ಯುರೋಪಿಗೆ ಬೇಸಿಗೆಯೇ ಬಾರದೆ ಹೋಯಿತು. ಆ ಮಳೆಯ ಜಡಿಯಲ್ಲಿ ಜಿನೀವಾ ಸರೋವರದ ದಂಡೆಯ ಮನೆಯೊಂದರಲ್ಲಿ ಕುಳಿತು ಹದಿನೆಂಟರ ತರುಣಿ ಮೇರಿ ಶೆಲ್ಲಿ ಈ ಕತೆಯನ್ನು ಕಲ್ಪಿಸಿದಳು. ೧೮೧೮ರಲ್ಲಿ ಲೇಖಕಿಯ ಹೆಸರಿಲ್ಲದೆ ಅದು ಅಚ್ಚಾಯಿತು. ಹುಡುಗನಾಗಿದ್ದಾಗ ಇದನ್ನು ನಾನು ರಾಕ್ಷಸನ ಕತೆಯೆಂದು ಓದಿದ್ದೆ. ಈಗ ಓದಿದಾಗ ಅದು ತಂದೆಯೊಬ್ಬನ ಕತೆಯಾಗಿ ಕಂಡಿತು. ವಿಕ್ಟರನ ತಪ್ಪು ಜೀವವನ್ನು ಸೃಷ್ಟಿಸಿದುದರಲ್ಲಿ ಇಲ್ಲ. ಆ ಜೀವ ಕಣ್ಣು ತೆರೆದ ರಾತ್ರಿಯೇ ಅಂಜಿ ಓಡಿದುದರಲ್ಲಿ ಇದೆ. ಹಡೆದು ಹೆಸರಿಡದೆ ಬಿಟ್ಟುಹೋದ ಕೂಸು ಅದು. ಕತೆ ಮುಗಿಯುವವರೆಗೂ ಅದಕ್ಕೊಂದು ಹೆಸರಿಲ್ಲ. ಲೋಕವಾದರೋ ತಂದೆಯ ಹೆಸರನ್ನೇ ಅದಕ್ಕೆ ಕಟ್ಟಿ ಕರೆಯುತ್ತ ಬಂದಿದೆ. ತಿಳಿಯದೆ ಆದ ಈ ತಪ್ಪಿನಲ್ಲಿಯೂ ಒಂದು ನ್ಯಾಯವಿದೆಯೆಂದು ನನಗೆ ತೋರುತ್ತದೆ.

ಅದೇ ವಾರ ಜಯಂತ ನಾರಳೀಕರರ ಮರಾಠಿ ಕಾದಂಬರಿ ‘ವಾಮನ್ ಪರತ್ ನ ಆಲಾ’ ಕೈಗೆ ಬಂದಿತು. ಕೊಲ್ಹಾಪುರದಲ್ಲಿ ೧೯೩೮ರಲ್ಲಿ ಹುಟ್ಟಿ, ಖಗೋಲ ವಿಜ್ಞಾನದಲ್ಲಿ ಜಗತ್ಪ್ರಸಿದ್ಧರಾಗಿ, ೨೦೨೫ರ ಮೇ ತಿಂಗಳಲ್ಲಿ ಪುಣೆಯಲ್ಲಿ ತೀರಿಕೊಂಡ ಈ ಮಹನೀಯರು ಮರಾಠಿಯಲ್ಲಿ ವಿಜ್ಞಾನ ಕತೆಗೆ ಗೌರವದ ಸ್ಥಾನ ದೊರಕಿಸಿಕೊಟ್ಟರು. ೧೯೭೪ರಲ್ಲಿ ಅವರು ತಮ್ಮ ‘ಕೃಷ್ಣ ವಿವರ’ ಎಂಬ ಮೊದಲ ಕತೆಯನ್ನು ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಬೇರೊಂದು ಹೆಸರಿನಲ್ಲಿ ಕಳಿಸಿ ಬಹುಮಾನ ಪಡೆದರು; ತಮ್ಮ ಕೀರ್ತಿಯಿಂದ ತೀರ್ಪುಗಾರರು ದಾರಿ ತಪ್ಪಬಾರದೆಂಬ ಸಂಕೋಚ ಅದರಲ್ಲಿತ್ತು. ದೊಡ್ಡವರ ಸಣ್ಣ ನಡೆಗಳಲ್ಲಿಯೇ ಅವರ ದೊಡ್ಡತನ ಕಾಣುತ್ತದೆ.

‘ವಾಮನ’ ಒಂದು ಯಂತ್ರಮಾನವ. ಹಿಂದೆ ಅಳಿದುಹೋದ ನಾಗರಿಕತೆಯೊಂದು ನೆಲದಡಿಯಲ್ಲಿ ಹುಗಿದಿಟ್ಟ ವಿದ್ಯೆಯಿಂದ ಇಂದಿನವರು ಅವನನ್ನು ಕಟ್ಟುತ್ತಾರೆ. ಹೇಳಿದುದನ್ನೆಲ್ಲ ಮಾಡುವ ಆ ವಾಮನ ತನ್ನಂತಹ ಇನ್ನೊಬ್ಬನನ್ನು ತಾನೇ ನಿರ್ಮಿಸುವ ವಿದ್ಯೆಯನ್ನು ಬೇಡುತ್ತಾನೆ. ಮೇರಿ ಶೆಲ್ಲಿಯ ಜೀವಿಯೂ ತನಗೊಂದು ಜೊತೆ ಬೇಕೆಂದೇ ಕೇಳಿತ್ತು. ಒಂದೂವರೆ ಶತಮಾನಕ್ಕೂ ಮಿಕ್ಕಿದ ಅಂತರವಿದ್ದರೂ ಇಬ್ಬರ ಬೇಡಿಕೆ ಒಂದೇ. ಆದರೆ ನಾರಳೀಕರರು ಇಟ್ಟ ಹೆಸರಿನಲ್ಲಿಯೇ ನಮ್ಮ ನಾಡಿನ ಓದುಗನಿಗೆ ಇಡೀ ಕತೆಯ ಸುಳಿವಿದೆ. ಬಲಿಯ ಮುಂದೆ ನಿಂತ ವಟು ಕೇಳಿದ್ದು ಮೂರೇ ಹೆಜ್ಜೆ. ಕೊಡುವವನಿಗೆ ಅದು ಸಣ್ಣದೆನಿಸಿತು; ಕೊಟ್ಟ ಮೇಲೆ ನಿಲ್ಲಲು ತನಗೇ ನೆಲವುಳಿಯಲಿಲ್ಲ. ಬರೆಯುವ, ಚಿತ್ರ ಬಿಡಿಸುವ, ಮಾತಾಡುವ ಯಂತ್ರಗಳು ನಮ್ಮ ಹುಡುಗರ ಅಂಗೈಯಲ್ಲಿ ಬಂದು ಕುಳಿತಿರುವ ಈ ದಿನಗಳಲ್ಲಿ ಆ ಮೂರು ಹೆಜ್ಜೆಗಳ ನೆನಪು ಇರುವುದೊಳ್ಳೆಯದು. ಆದರೂ ಒಂದು ಮಾತನ್ನು ವಿನಯದಿಂದ ಹೇಳಬೇಕಾಗಿದೆ. ಈ ಕೃತಿಯಲ್ಲಿ ನನ್ನ ಮನಸ್ಸಿನಲ್ಲಿ ನಿಂತವನು ವಾಮನನೇ. ಅವನನ್ನು ಕಟ್ಟಿದ ಬುದ್ಧಿವಂತರು ಪುಸ್ತಕ ಮುಚ್ಚುತ್ತಲೇ ಒಬ್ಬರಲ್ಲೊಬ್ಬರು ಬೆರೆತುಹೋದರು.

ಇನ್ನು ಕ್ಯಾಪ್ಟನ್ ನೆಮೊ. ಜೂಲ್ಸ್ ವರ್ನ್‌ನ ಸಮುದ್ರಯಾನದ ಕತೆಯನ್ನು ಓದದವರೂ ಈ ಹೆಸರನ್ನು ಕೇಳಿರುತ್ತಾರೆ. ಆದರೆ ಆತ ಭಾರತೀಯನೆಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಗೊತ್ತು? ಮೊದಲ ಕಾದಂಬರಿಯಲ್ಲಿ (೧೮೭೦) ಅವನ ಕುಲಗೋತ್ರ ಗುಟ್ಟಾಗಿಯೇ ಉಳಿಯುತ್ತದೆ. ವರ್ನ್ ಅವನನ್ನು ರಷ್ಯದ ಮೇಲೆ ಸೇಡು ತೀರಿಸಿಕೊಳ್ಳುವ ಪೋಲೆಂಡಿನವನನ್ನಾಗಿ ಮಾಡಬೇಕೆಂದಿದ್ದ, ಪ್ರಕಾಶಕ ಒಪ್ಪಲಿಲ್ಲ. ೧೮೭೫ರಲ್ಲಿ ಮುಗಿದ ‘ರಹಸ್ಯದ್ವೀಪ’ದಲ್ಲಿ ಗುಟ್ಟು ಬಯಲಾಗುತ್ತದೆ. ಅವನು ಬುಂದೇಲಖಂಡದ ರಾಜಪುತ್ರ ಡಕ್ಕರ್. ನಮ್ಮ ಟಿಪ್ಪೂ ಸುಲ್ತಾನನ ಸೋದರಳಿಯ. ೧೮೫೭ರ ದಂಗೆಯಲ್ಲಿ ಹೋರಾಡಿ, ಹೆಂಡತಿ ಮಕ್ಕಳನ್ನು ಕಳೆದುಕೊಂಡು, ನೆಲದ ಹಂಗನ್ನೇ ತೊರೆದು ಕಡಲಿಗಿಳಿದವನು! ಬುಂದೇಲಖಂಡದ ರಾಜಮನೆತನಕ್ಕೂ ಶ್ರೀರಂಗಪಟ್ಟಣಕ್ಕೂ ಈ ಬೀಗತನ ಹೇಗೆ ಕೂಡಿಬಂದಿತೆಂದು ಕೇಳಬಾರದು. ಫ್ರಾನ್ಸಿನಲ್ಲಿ ಕುಳಿತು ಬರೆದವನಿಗೆ ಹಿಂದುಸ್ಥಾನವೆಲ್ಲ ಒಂದೇ ಊರು. ಆದರೂ ಈ ತಪ್ಪನ್ನು ನಾವು ಪ್ರೀತಿಯಿಂದ ಮನ್ನಿಸಬಹುದು. ೧೮೫೮ರಲ್ಲಿ ನರಗುಂದದ ಬಾಬಾಸಾಹೇಬ ಬೆಳಗಾವಿಯಲ್ಲಿ ಗಲ್ಲಿಗೇರಿದ ಸೀಮೆ ನಮ್ಮದು. ಸೋತ ಬಂಡಾಯಗಾರನೊಬ್ಬನ ಕೈಗೆ ವಿದ್ಯುತ್ತಿನ ಹಡಗನ್ನು ಕೊಟ್ಟ ವರ್ನ್, ನಾವು ಕಾಣಲಾರದ ಕನಸೊಂದನ್ನು ನಮಗಾಗಿ ಕಂಡನೆಂದೇ ಹೇಳಬೇಕು.

ಆದರೆ ನೆಮೊನ ಪಾತ್ರ ನನ್ನನ್ನು ಇನ್ನೊಂದು ಬಗೆಯಿಂದ ಕಾಡಿತು. ‘ನೆಮೊ’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ‘ಯಾರೂ ಅಲ್ಲ’ ಎಂದರ್ಥ. ಸಾವಿರಾರು ಗ್ರಂಥಗಳು, ಅಪಾರ ಸಂಪತ್ತು, ಆ ಕಾಲದ ಯಾವ ರಾಷ್ಟ್ರಕ್ಕೂ ಇಲ್ಲದ ವಿಜ್ಞಾನ ಎಲ್ಲವೂ ಅವನಲ್ಲಿವೆ. ಹಂಚಿಕೊಳ್ಳುವ ಜನ ಮಾತ್ರ ಇಲ್ಲ. ನಮ್ಮ ಮಾಸೂರಿನ ನೆಲಕ್ಕೆ ಇದಕ್ಕೆ ಸರಿ ವಿರುದ್ಧವಾದ ಹೆಸರೊಂದರ ನೆನಪಿದೆ. ಐತಿಹ್ಯದ ಪ್ರಕಾರ ತ್ರಿಪದಿಯ ಕವಿಯ ತಂದೆ ಬಸವರಸ ಈ ಊರಿನವನು; ತಾಯಿಯ ಊರು ಇಲ್ಲಿಗೆ ಸಮೀಪದ ಅಬಲೂರು. ಆ ಕವಿ ತನ್ನ ನಿಜನಾಮವನ್ನು ಬದಿಗಿಟ್ಟು ‘ಸರ್ವಜ್ಞ’ನೆಂದು ಕರೆದುಕೊಂಡ. ಹೆಸರು ಕೇಳಿದರೆ ಗರ್ವದ ಹೆಸರು. ಆದರೆ ಆ ಅರಿವು ತನ್ನ ಸ್ವಂತದ್ದಲ್ಲ, ಹತ್ತು ಜನರಿಂದ ಪಡೆದದ್ದೆಂದು ಅವನೇ ಒಪ್ಪಿಕೊಂಡಿದ್ದಾನೆ. ಒಬ್ಬ ಎಲ್ಲವನ್ನೂ ಬಲ್ಲವನಾಗಿ ‘ಯಾರೂ ಅಲ್ಲ’ ಎಂದು ಕಡಲ ತಳದಲ್ಲಿ ಅಡಗಿದ. ಇನ್ನೊಬ್ಬ ಏನೂ ಇಲ್ಲದವನಾಗಿ ಊರೂರು ತಿರುಗಿ ‘ಸರ್ವಜ್ಞ’ನಾದ. ಜ್ಞಾನವೆಂಬುದು ಒಬ್ಬನ ಗುಪ್ತನಿಧಿಯೋ, ಹಲವರ ಜೋಳಿಗೆಯೋ? ವಿಜ್ಞಾನ ಕಾದಂಬರಿಗಳ ಪಾತ್ರಗಳನ್ನು ತೂಗಲು ನನಗೆ ಇದಕ್ಕಿಂತ ಒಳ್ಳೆಯ ತಕ್ಕಡಿ ಸಿಕ್ಕಿಲ್ಲ.

ಈ ತಕ್ಕಡಿಯಲ್ಲಿ ತೂಗಿದಾಗ ಕನ್ನಡದಲ್ಲಿ ಎಲ್ಲಕ್ಕಿಂತ ಭಾರವಾಗಿ ನಿಲ್ಲುವ ಕೃತಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (೧೯೮೦). ಇದನ್ನು ವಿಜ್ಞಾನ ಕಾದಂಬರಿಯೆನ್ನಬಹುದೇ ಎಂದು ಕೆಲವರು ಆಕ್ಷೇಪಿಸಬಹುದು. ಇದರಲ್ಲಿ ರಾಕೆಟ್ಟಿಲ್ಲ, ಭವಿಷ್ಯ ಕಾಲವಿಲ್ಲ. ಡ್ರಾಕೊ ಕುಲದ ಹಾರುವ ಓತಿ ಪಶ್ಚಿಮ ಘಟ್ಟದ ಕಾಡುಗಳಲ್ಲಿ ನಿಜವಾಗಿಯೂ ಇದೆ. ಆದರೆ ಕೋಟ್ಯಂತರ ವರ್ಷಗಳ ಹಿಂದಿನಿಂದ ಉಳಿದುಬಂದ ಜೀವಿಯನ್ನು ಅರಸಿ ಹೊರಟ ಕತೆ ವಿಜ್ಞಾನದ ಕತೆಯಲ್ಲದೆ ಮತ್ತೇನು? ಇಲ್ಲಿ ಕಾಲಯಂತ್ರದ ಕೆಲಸವನ್ನು ಒಂದು ಓತಿಯೇ ಮಾಡುತ್ತದೆ.

ಅದಿರಲಿ. ಇದರ ಪಾತ್ರಗಳನ್ನು ನೋಡಿರಿ. ವಿಜ್ಞಾನಿ ಕರ್ವಾಲೊ ಇದ್ದಾರೆ. ತೋಟದ ತಾಪತ್ರಯಗಳಿಂದ ಬೇಸತ್ತ ನಿರೂಪಕನಿದ್ದಾನೆ. ಹಾವು ಹಿಡಿಯುವ ಎಂಗ್ಟ, ಬಿರಿಯಾನಿ ಕರಿಯಪ್ಪ, ಛಾಯಾಗ್ರಾಹಕ ಪ್ರಭಾಕರ, ಕಿವಿ ಎಂಬ ನಾಯಿ ಎಲ್ಲರೂ ಇದ್ದಾರೆ. ಇವರೆಲ್ಲರ ನಡುವೆ ಮಂದಣ್ಣನಿದ್ದಾನೆ. ಲೋಕದ ಕಣ್ಣಿಗೆ ಅವನೊಬ್ಬ ಅಬ್ಬೇಪಾರಿ. ಕೋರ್ಟಿನ ಕಟಕಟೆಯಲ್ಲಿ ನಿಲ್ಲಬೇಕಾದ ಗತಿ ಅವನಿಗೆ ಬರುತ್ತದೆ. ಆದರೆ ಕಾಡಿನಲ್ಲಿ ಅವನ ಕಣ್ಣಿಗೆ ಕಂಡದ್ದು ಯಾವ ಪದವೀಧರನಿಗೂ ಕಂಡಿಲ್ಲ. ಆ ಓತಿಯನ್ನು ಕಂಡವನು ಅವನೇ. ಕರ್ವಾಲೊರ ಹಿರಿಮೆಯಿರುವುದು ಅವರು ಬಲ್ಲ ವಿಷಯಗಳಲ್ಲಿ ಅಲ್ಲ. ಈ ಮಂದಣ್ಣನಲ್ಲಿ ಒಬ್ಬ ಸಹ-ವಿಜ್ಞಾನಿಯನ್ನು ಗುರುತಿಸಿದುದರಲ್ಲಿ ಇದೆ. ಕೊನೆಯಲ್ಲಿ ಓತಿ ಎಲ್ಲರ ಕಣ್ಣೆದುರಿಗೇ ಪ್ರಪಾತದ ಅನಂತಕ್ಕೆ ತೇಲಿಹೋಗುತ್ತದೆ. ಯಾರ ಕೈಗೂ ಏನೂ ಸಿಗುವುದಿಲ್ಲ. ಆದರೂ ಓದುಗನಿಗೆ ನಷ್ಟವಾಯಿತೆನಿಸುವುದಿಲ್ಲ. ವಿಜ್ಞಾನಿಯೂ ಕಾಡಾಡಿಯೂ ಒಂದೇ ಬಂಡೆಯ ಮೇಲೆ ನಿಂತು ಒಂದೇ ಬೆರಗನ್ನು ಅನುಭವಿಸಿದರಲ್ಲ, ಅದೇ ಅಲ್ಲಿಯ ಲಾಭ. ನಾನು ಓದಿದ ಪರದೇಶದ ಪುಸ್ತಕಗಳಲ್ಲಿ ಮಂದಣ್ಣನಿಗೆ ಸಮನಾದ ಪಾತ್ರವನ್ನು ನಾನು ಕಾಣಲಿಲ್ಲ.

ದುರ್ದೈವದಿಂದ ನಮ್ಮ ಸಾಹಿತ್ಯದಲ್ಲಿ ಮಂದಣ್ಣನ ವಂಶ ಬೆಳೆಯಲಿಲ್ಲ. ಅನಂತರ ಬಂದ ಕೃತಿಗಳಲ್ಲಿ ಜಾಣತನವಿದೆ, ಓದಿಸಿಕೊಂಡು ಹೋಗುವ ಗುಣವಿದೆ. ಸ್ವತಃ ಕೃಷಿವಿಜ್ಞಾನಿಗಳಾದ ಕೆ. ಎನ್. ಗಣೇಶಯ್ಯನವರ ‘ಕನಕ ಮುಸುಕು’ ಇದಕ್ಕೊಂದು ಉತ್ತಮ ಉದಾಹರಣೆ. ಹೊಯ್ಸಳರ ಕಾಲದ ಸೋಮನಾಥಪುರದ ಶಿಲ್ಪಗಳ ಕೈಯಲ್ಲಿ ತೆನೆಯಂತೆ ಕಾಣುವ ವಸ್ತುವೊಂದಿದೆ. ೧೯೮೯ರಲ್ಲಿ ಜೊಹಾನೆಸೆನ್ ಮತ್ತು ಪಾರ್ಕರ್ ಎಂಬ ವಿದ್ವಾಂಸರು ಅದು ಮುಸುಕಿನ ಜೋಳದ ತೆನೆಯೆಂದು ವಾದಿಸಿದರು. ಆ ಬೆಳೆಯ ತವರು ಅಮೆರಿಕ. ಕೊಲಂಬಸನು ಅಲ್ಲಿಗೆ ಮುಟ್ಟಿದ್ದು ೧೪೯೨ರಲ್ಲಿ. ಹಾಗಾದರೆ ಹದಿಮೂರನೆಯ ಶತಮಾನದ ಕನ್ನಡ ಶಿಲ್ಪಿಗೆ ಆ ತೆನೆ ಕಂಡದ್ದೆಲ್ಲಿ? ೧೯೯೩ರಲ್ಲಿ ಪಾಯಕ್ ಮತ್ತು ಸಚನ್ ಎಂಬ ಭಾರತೀಯ ವಿಜ್ಞಾನಿಗಳು ಇದನ್ನು ಅಲ್ಲಗಳೆದು, ಅದು ಜೋಳವಲ್ಲ, ಮುತ್ತುಗಳಿಂದ ಕೂಡಿದ ‘ಮುಕ್ತಾಫಲ’ವೆಂಬ ಕಾಲ್ಪನಿಕ ಹಣ್ಣೆಂದು ಹೇಳಿದರು. ಈ ವಾದವನ್ನೇ ಬೀಜವಾಗಿಟ್ಟುಕೊಂಡು ಗಣೇಶಯ್ಯನವರು ಕುತೂಹಲದ ಕತೆಯನ್ನು ಹೆಣೆದಿದ್ದಾರೆ. ಒಂದೇ ಗುಕ್ಕಿನಲ್ಲಿ ನಾನದನ್ನು ಓದಿದೆ. ಆದರೆ ನನ್ನ ಪಾಲಿಗೆ ಈ ಕಾದಂಬರಿಯ ನಿಜವಾದ ನಾಯಕ ಆ ಪ್ರಶ್ನೆಯೇ; ಪಾತ್ರಗಳು ಅದರ ಬೆನ್ನು ಹತ್ತಿ ಓಡುತ್ತವೆ, ನಿಂತು ಉಸಿರಾಡುವುದು ಕಡಿಮೆ. ಇದು ದೋಷವೆಂದು ನಾನು ಹೇಳುವುದಿಲ್ಲ. ಆ ಬಗೆಯ ಕತೆಯ ಧರ್ಮವೇ ಅಂಥದು.

ಪುಸ್ತಕ ಮುಚ್ಚಿ ಹೊರಗೆ ಬಂದರೆ, ಅದೇ ಬೆಳೆ ನನ್ನ ಕಣ್ಣ ಮುಂದೆ ನಿಂತಿತ್ತು. ಮೈಸೂರು ಕಡೆಯವರ ಮುಸುಕಿನ ಜೋಳ ನಮ್ಮ ಕಡೆಯ ಗೋವಿನಜೋಳ. ಹಾವೇರಿ ಜಿಲ್ಲೆಯಲ್ಲಿ ಮಳೆಗಾಲದ ಹೊಲಗಳನ್ನು ಇಂದು ಬಹುಮಟ್ಟಿಗೆ ಆವರಿಸಿಕೊಂಡಿರುವುದು ಅದೇ. ಅದರ ಬೀಜವಾದರೋ ಸಂಕರ ತಳಿಯದು. ಈ ವರ್ಷದ ಕಾಳನ್ನು ಮುಂದಿನ ವರ್ಷಕ್ಕೆ ಬಿತ್ತಿದರೆ ಅದೇ ಗುಣ, ಅದೇ ಇಳುವರಿ ಬಾರದು. ಆದ್ದರಿಂದ ರೈತ ಪ್ರತಿ ಮುಂಗಾರಿಗೂ ಹೊಸ ಬೀಜದ ಚೀಲ ಕೊಳ್ಳಬೇಕು. ಹಗೇವಿನಲ್ಲಿ ಕಾಳನ್ನೂ ಮಡಕೆಯಲ್ಲಿ ಬೀಜವನ್ನೂ ಕಾದಿಟ್ಟುಕೊಳ್ಳುತ್ತಿದ್ದ ಮನೆಯ ಹಿರಿಯಳಿಗೆ ಈ ಬದಲಾವಣೆಯಿಂದ ಕಳೆದುಹೋದ ಯಜಮಾನಿಕೆ ಎಷ್ಟು, ದೊರೆತ ಇಳುವರಿ ಎಷ್ಟು, ಎರಡನ್ನೂ ತೂಗಿ ನೋಡಿದ ಕಾದಂಬರಿ ನನ್ನ ಓದಿಗೆ ಬಂದಿಲ್ಲ.

ಇದಕ್ಕಿಂತಲೂ ರೋಚಕವಾದ ಕತೆಯೊಂದು ನಮ್ಮ ಪಕ್ಕದಲ್ಲಿಯೇ ನಡೆದುಹೋಗಿದೆ. ವೆಲ್ಸ್ ೧೮೯೮ರಲ್ಲಿ ‘ಲೋಕಗಳ ಯುದ್ಧ’ವನ್ನು ಬರೆದ. ಮಂಗಳ ಗ್ರಹದವರು ಇಂಗ್ಲೆಂಡಿನ ಹಳ್ಳಿಯೊಂದರ ಬಯಲಿನಲ್ಲಿ ಬಂದಿಳಿಯುತ್ತಾರೆ. ತೋಪುಗಳು ಅವರೆದುರು ಸೋಲುತ್ತವೆ. ಕೊನೆಗೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅವರನ್ನು ಕೊಲ್ಲುತ್ತವೆ. ನಮ್ಮಲ್ಲಿಗೆ ಬಂದ ಪರಕೀಯನು ಮಂಗಳನಿಂದ ಬಂದವನಲ್ಲ, ಅಮೆರಿಕ ಖಂಡದಿಂದ ಬಂದವನು. ಗೋವಿನಜೋಳದ ಸುಳಿಯೊಳಗೆ ಹೊಕ್ಕು ತಿನ್ನುವ ಸೈನಿಕ ಹುಳು ೨೦೧೬ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡಿತು. ೨೦೧೮ರ ಮೇ ತಿಂಗಳಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಪತ್ತೆಯಾದದ್ದು ನಮ್ಮ ನೆರೆಯ ಶಿವಮೊಗ್ಗದಲ್ಲಿ. ತಲೆಯ ಮೇಲೆ ತಲೆಕೆಳಗಾದ ಕವಲು ಗೆರೆ, ಹಿಂಭಾಗದಲ್ಲಿ ಚೌಕನಾಗಿ ನಾಲ್ಕು ಚುಕ್ಕೆಗಳು. ಪತಂಗವಾದ ಮೇಲೆ ಒಂದು ರಾತ್ರಿಯಲ್ಲಿ ನೂರು ಕಿಲೋಮೀಟರಿನವರೆಗೆ ಹಾರಬಲ್ಲ ಶಕ್ತಿ. ಇಂಥ ಶತ್ರುವನ್ನು ಯಾವ ಕಾದಂಬರಿಕಾರ ಕಲ್ಪಿಸಬಲ್ಲ? ಅದನ್ನೆದುರಿಸಿ ನಮ್ಮವರು ಭತ್ತದ ತೌಡಿಗೆ ಬೆಲ್ಲ, ಔಷಧ ಕಲಸಿ ವಿಷಪಾಷಾಣ ಮಾಡಿದರು. ಒಂದೊಂದೇ ಸುಳಿ ಬಿಚ್ಚಿ ಅದನ್ನು ಉದುರಿಸುತ್ತ ಸಾಲು ಹಿಡಿದು ನಡೆದರು. ಇಂಗ್ಲೆಂಡಿನ ತೋಪುಗಳಿಗಿಂತ ಈ ಬೆರಳುಗಳ ಯುದ್ಧ ಕಡಿಮೆ ರೋಮಾಂಚಕಾರಿಯೇ? ಹುಳುವನ್ನು ಗುರುತಿಸಿದ ವಿಜ್ಞಾನಿ, ಔಷಧದ ಅಂಗಡಿಯವ, ಸಾಲದ ಲೆಕ್ಕ ಹಾಕುವ ಒಕ್ಕಲಿಗ, ಹೆಗಲಿಗೆ ಪಂಪು ಕಟ್ಟಿಕೊಂಡು ಮುಖಕ್ಕೆ ಟವೆಲು ಸುತ್ತಿ ಸಿಂಪಡಿಸುವ ಆಳುಮಗ ಎಲ್ಲರೂ ಪಾತ್ರಗಳಾಗಿ ಸಿದ್ಧರಿದ್ದಾರೆ. ಲೇಖಕನೊಬ್ಬ ಬರಬೇಕಷ್ಟೆ.

ಇಲ್ಲಿ ವಾಚಕರು ಒಂದು ಆಕ್ಷೇಪ ಎತ್ತಬಹುದು. ‘ಹೊಲ, ಹುಳು, ಸಾಲ ಇವನ್ನೇ ಬರೆಯುವುದಾದರೆ ಅದು ಗ್ರಾಮೀಣ ಕಾದಂಬರಿಯಾಯಿತು. ನಕ್ಷತ್ರಗಳ ಕನಸನ್ನು ನಮ್ಮ ಹುಡುಗರಿಂದ ಕಸಿಯಬೇಕೇ?’ ಖಂಡಿತ ಬೇಡ. ಬೆರಗಿಲ್ಲದ ವಿಜ್ಞಾನ ಕತೆ ಉಪ್ಪಿಲ್ಲದ ಊಟ. ಆದರೆ ಬೆರಗಿಗೆ ಬೆಲೆಯೊಂದಿರುತ್ತದೆ. ಆ ಬೆಲೆಯನ್ನು ಯಾರು ತೆರುತ್ತಾರೆ ಎಂದು ಕೇಳುವುದು ಸಾಹಿತ್ಯದ ಕೆಲಸ. ಹಾಗೆ ಕೇಳುವುದನ್ನು ನಾವು ಪರದೇಶದವರಿಂದ ಕಲಿಯಬೇಕಾಗಿಲ್ಲ. ನಮ್ಮ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಹಾಡಿಕೊಂಡು ಬಂದ ‘ಕೆರೆಗೆ ಹಾರ’ದಲ್ಲಿ ಅದು ಇದೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ. ಮನೆಯ ಸೊಸೆಯನ್ನು ಬಲಿ ಕೊಡಬೇಕೆಂದು ಹೊತ್ತಿಗೆ ನೋಡಿದವರು ಹೇಳಿದರು. ಹಿರಿಯ ಸೊಸೆಯರನ್ನು ಬಿಟ್ಟು ಕಿರಿಯ ಸೊಸೆ ಭಾಗೀರಥಿಯನ್ನು ಆರಿಸಿದರು. ಊರಿಗೆಲ್ಲ ನೀರು ಬಂದಿತು, ಒಬ್ಬಳು ಮುಳುಗಿದಳು. ದಂಡಿನಿಂದ ಮರಳಿದ ಗಂಡನೂ ಅದೇ ಕೆರೆಗೆ ಹಾರಿಕೊಂಡ. ಸಮಾಜದ ಹಿತಕ್ಕಾಗಿ ಕೈಗೊಂಡ ಭಾರಿ ಕಾಮಗಾರಿ, ತಜ್ಞರ ಸಲಹೆ, ಬಾಯಿಲ್ಲದವಳ ಆಹುತಿ: ವಿಜ್ಞಾನ ಕಾದಂಬರಿಯ ಎಲುಬಿನ ಹಂದರವೆಲ್ಲ ಇದರೊಳಗಿದೆ. ಭಾಗೀರಥಿಗೂ ಮೇರಿ ಶೆಲ್ಲಿಯ ಹೆಸರಿಲ್ಲದ ಜೀವಿಗೂ ಇರುವ ನಂಟನ್ನು ತರಗತಿಯಲ್ಲಿ ತೋರಿಸಿಕೊಡುವ ಉಪಾಧ್ಯಾಯರಿದ್ದರೆ ಎಷ್ಟು ಚೆನ್ನ!

ಹೆಣ್ಣಿನ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಬಂಗಾಲದ ರುಕಯ್ಯಾ ಸಖಾವತ್ ಹುಸೇನ್ ೧೯೦೫ರಲ್ಲಿ ‘ಸುಲ್ತಾನಳ ಕನಸು’ ಎಂಬ ಕಿರುಗತೆಯನ್ನು ಬರೆದಳು. ಅದರಲ್ಲಿ ಹೆಂಗಸರು ಬಿಸಿಲಿನ ಶಾಖದಿಂದ ಅಡಿಗೆ ಮಾಡುತ್ತಾರೆ, ಮುಗಿಲಿನಿಂದ ನೀರಿಳಿಸುತ್ತಾರೆ. ಗಂಡಸರು ಪರದೆಯ ಹಿಂದೆ ಕೂತಿರುತ್ತಾರೆ. ಮುಗಿಲಿನಿಂದ ನೀರಿಳಿಸಬಲ್ಲ ಆ ನಾಡಿನಲ್ಲಿ ಭಾಗೀರಥಿ ಹುಟ್ಟಿದ್ದರೆ ಕೆರೆಗೆ ಹಾರವಾಗಬೇಕಾಗುತ್ತಿರಲಿಲ್ಲ.

ನಮ್ಮ ಊರಿನ ಸಮೀಪ ಕುಮುದ್ವತಿ ಹೊಳೆಗೆ ಅಡ್ಡಲಾಗಿ ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗದ ಕೆರೆಯಿದೆ. ಅದರ ಏರಿಯ ಮೇಲೆ ನಿಂತಾಗಲೆಲ್ಲ ನನಗೆ ಈ ಹಾಡಿನ ನೆನಪಾಗುತ್ತದೆ. ಸಿಮೆಂಟಿಲ್ಲದ, ಯಂತ್ರವಿಲ್ಲದ ಕಾಲದಲ್ಲಿ ಎರಡು ಗುಡ್ಡಗಳ ನಡುವೆ ಹೊಳೆಯನ್ನು ತಡೆದು ನಿಲ್ಲಿಸಬೇಕಾದರೆ ಎಂಥ ಗಣಿತ ಬೇಕಾಗಿತ್ತು, ಎಷ್ಟು ಮಂದಿ ಒಡ್ಡರ ಬೆನ್ನು ಬಾಗಿರಬೇಕು! ಆ ಗಣಿತಜ್ಞನ ಹೆಸರೂ ನಮಗಿಲ್ಲ, ಮಣ್ಣು ಹೊತ್ತವರ ಹೆಸರೂ ಇಲ್ಲ. ‘ನೆಮೊ’ಗಳು ಸಮುದ್ರದಲ್ಲಿ ಮಾತ್ರ ಇರುವುದಿಲ್ಲ. ಈ ಏರಿಯನ್ನು ಕಟ್ಟುತ್ತಿದ್ದ ಒಂದು ಬೇಸಿಗೆಯ ಕತೆಯನ್ನೋ, ಇನ್ನೂರು ವರ್ಷಗಳ ಮುಂದೆ ಈ ಹೊಳೆ ಹೇಗಿರಬಹುದೆಂಬ ಕತೆಯನ್ನೋ ನಮ್ಮವರೊಬ್ಬರು ಏಕೆ ಬರೆಯಬಾರದು?

ಬರೆಯಲು ವಿಜ್ಞಾನದ ಪದವಿಯೇ ಬೇಕೆಂದಿಲ್ಲ; ಆದರೆ ವಿಷಯವನ್ನು ಸರಿಯಾಗಿ ತಿಳಿದುಕೊಳ್ಳುವ ಶ್ರದ್ಧೆ ಬೇಕು. ಅದಿಲ್ಲದೆ ಬರೆದರೆ ಹಳೆಯ ಮಾಯಾಮಂತ್ರದ ಕತೆಗೆ ಲೋಹದ ಅಂಗಿ ತೊಡಿಸಿದಂತಾಗುತ್ತದೆ, ಅಷ್ಟೆ. ನಮ್ಮ ಕಾಲೇಜುಗಳಲ್ಲಿ ವಿಜ್ಞಾನದ ಅಧ್ಯಾಪಕರೂ ಕನ್ನಡದ ಅಧ್ಯಾಪಕರೂ ಒಂದೇ ಕೋಣೆಯಲ್ಲಿ ಚಹಾ ಕುಡಿಯುತ್ತಾರೆ. ಒಬ್ಬರ ಪುಸ್ತಕವನ್ನು ಇನ್ನೊಬ್ಬರು ತೆರೆದು ನೋಡುವುದು ಅಪರೂಪ. ವರ್ಷಕ್ಕೊಂದು ಪುಸ್ತಕವನ್ನಾದರೂ ಇಬ್ಬರೂ ಕೂಡಿ ಪಾಠ ಹೇಳಿದರೆ, ‘ಕರ್ವಾಲೊ’ದ ಓತಿಯನ್ನು ಒಬ್ಬರು, ಮಂದಣ್ಣನನ್ನು ಒಬ್ಬರು ವಿವರಿಸಿದರೆ, ಮುಂದಿನ ಲೇಖಕ ಆ ತರಗತಿಯ ಹಿಂದಿನ ಬೆಂಚಿನಿಂದಲೇ ಎದ್ದು ಬರಬಹುದು.

ಕಟ್ಟೆಯ ಮೇಲೆ ಕೇಳಿದ ಹುಡುಗನಿಗೆ ನಾನು ಇನ್ನೂ ಉತ್ತರ ಹೇಳಿಲ್ಲ. ಮೊನ್ನೆ ಅವನ ಕೈಗೆ ‘ಕರ್ವಾಲೊ’ ಕೊಟ್ಟು ಕಳಿಸಿದ್ದೇನೆ. ಓದಿ ಬಂದ ಮೇಲೆ ಅವನಿಗೆ ನಾನು ಹೇಳಬೇಕೆಂದಿರುವುದು ಇಷ್ಟೇ: ‘ನಿನ್ನಂಥವನು ಒಬ್ಬ ಇದರಲ್ಲಿದ್ದಾನೆ. ಇನ್ನೊಬ್ಬನು ನಿಮ್ಮ ಹೊಲದಲ್ಲಿ ಗೋವಿನಜೋಳದ ಸುಳಿ ಬಿಚ್ಚಿ ನೋಡುತ್ತಿದ್ದಾನೆ. ಅವನ ಕತೆಯನ್ನು ನೀನೇ ಬರೆಯಬೇಕು, ತಮ್ಮಾ. ಅವನನ್ನು ನಿನಗಿಂತ ಹತ್ತಿರದಿಂದ ಕಂಡವರು ಬೇರೆ ಯಾರಿದ್ದಾರೆ?’